ಕಡಲ ದಂಡೆಯ ಹೋಟೆಲಿನಲ್ಲಿ ಹನುಮವ್ವನ ರೊಟ್ಟಿ

ಅಂದಾನಪ್ಪನ ಮನೆಯಲ್ಲಿ ರೊಟ್ಟಿಗೆ ತತ್ವಾರ ಬಂದದ್ದು, ಮನೆತುಂಬ ರೊಟ್ಟಿ ಬಡಿಯಲು ಶುರುಮಾಡಿದ ಮೇಲೆಯೇ.

ಮಹಾನವಮಿ ಕಳೆದು ಮೂರು ವಾರವಾಗಿತ್ತು. ಮಧ್ಯಾಹ್ನ ಮಗ್ಗದ ಗುಂಡಿಯಿಂದ ಎದ್ದು, ಕೈಕಾಲು ತೊಳೆದುಕೊಂಡು ಗಂಗಾಳದ ಮುಂದೆ ಕುಳಿತ ಅಂದಾನಪ್ಪ ಊಟಕ್ಕೆ ಕೈ ಹಾಕಲಿಲ್ಲ.

"ಏನಿದು?"

"ಅನ್ನ. ಕಾಣವಲ್ದ?" ಎಂದಳು ಹೆಂಡತಿ ಹನುಮವ್ವ, ಒಲೆಯ ಮುಂದಿನಿಂದ ತಿರುಗದೆ.

"ನಿನ್ನೀದು ಅಂತ ಕಾಣತೈತಿ."

"ಒಗ್ಗರಣಿ ಹಾಕೀನಿ. ಉಣ್ಣಾಕ ಬರತೈತಿ."

"ಅಲ್ಲಬೇ, ಆ ಬುಟ್ಟಿ ತುಂಬ ರೊಟ್ಟಿ ಅದಾವ. ಒಂದ ಎರಡು ತಗದ್ರ ಏನ ಬಾನ ಹರಕೊಂಡ ಬೀಳತೈತಿ?"

"ಅವು ಸಂಜಿ ಬಸ್ಸಿಗೆ ಹೋಗೂವು. ಮುಟ್ಟಬ್ಯಾಡ್ರಿ."

"ಸಮುದ್ರದ ದಂಡಿಗೆ ಕುಂತು ಬಿಯರ್ ಕುಡಿಯಾವ್ರಿಗೆ ಹನುಮವ್ವನ ರೊಟ್ಟಿ. ಹನುಮವ್ವನ ಗಂಡಗ ತಂಗಳ. ಚಲೋ ಆತು ಬಿಡು."

ಪರದೆಯ ಆಚೆ ಹಿಟ್ಟು ನಾದುತ್ತಿದ್ದ ಸೊಸೆ ಶೈಲಶ್ರೀ ನಕ್ಕಳು. ನಗು ಕೇಳಿ ಮುದುಕನೂ ಅರ್ಧ ಸಿಟ್ಟು ಬಿಟ್ಟು ಅನ್ನ ಕಲಸಿದ.

ಗಜೇಂದ್ರಗಡದ ಗುಡ್ಡದ ಬುಡದ ಓಣಿಯಲ್ಲಿ ಆ ಮನೆ. ಪಡಸಾಲೆಯಲ್ಲಿ ಮಗ್ಗ, ಹಿಂದೆ ಅಡುಗೆ ಮನೆ. ಮೊದಲೆಲ್ಲ ಹನುಮವ್ವ ಊಟವಾದ ಮೇಲೆ ರಾಟೆಯ ಮುಂದೆ ಕುಳಿತು ಗಂಡನಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಳು. ಈಗ ಅದಕ್ಕೂ ಪುರಸೊತ್ತಿಲ್ಲ. ಅಂದಾನಪ್ಪ ತಾನೇ ಸುತ್ತಿಕೊಂಡು, ತಾನೇ ಗುಂಡಿಗಿಳಿದು ನೇಯುತ್ತಿದ್ದ. ವಾರಕ್ಕೆ ಎರಡು ಸೀರೆ ಇಳಿಯುವಲ್ಲಿ ಒಂದು ಇಳಿಯುತ್ತಿತ್ತು.

ಇದಕ್ಕೆಲ್ಲ ಕಾರಣ ಅವರ ಒಬ್ಬನೇ ಮಗ ಮುತ್ತು. ಮಗ್ಗ ಅವನ ಮೈಗೆ ಹಿಡಿಯಲಿಲ್ಲ. ಹುಬ್ಬಳ್ಳಿಯ ಹೋಟೆಲಿನಲ್ಲಿ ಕೆಲಸ ಕಲಿತು, ಕುಮಟಾದ ಆಚೆ ಕಡಲ ದಂಡೆಯಲ್ಲಿರುವ 'ನೀಲಿ ನಾವೆ' ಎಂಬ ಬಾರ್ ಅಂಡ್ ರೆಸ್ಟೋರೆಂಟಿಗೆ ಸೇರಿ ಆರು ವರ್ಷವಾಗಿತ್ತು. ಮದುವೆಯಾಗಿ ಎರಡು ವರ್ಷ. ಅಲ್ಲಿ ಇರಲು ಮನೆ ಸಿಗುವತನಕ ಹೆಂಡತಿ ಇಲ್ಲೇ ಇರಲಿ ಎಂದು ಶೈಲಶ್ರೀಯನ್ನು ತಂದೆತಾಯಿಯ ಹತ್ತಿರ ಬಿಟ್ಟಿದ್ದ. ಮಹಾನವಮಿಗೆ ಬಂದವನು ಹೋಗುವಾಗ ಅವ್ವ ಕಟ್ಟಿಕೊಟ್ಟ ಕಟಿ ರೊಟ್ಟಿ, ಶೇಂಗಾ ಚಟ್ನಿ ಒಯ್ದ. ಹೋದ ದಿನವೇ ಅದನ್ನು ಹೋಟೆಲಿನ ಮಾಲಕ ತಿಂದ. ಹಪ್ಪಳದ ಹಾಗೆ ಮುರಿಯುವ ಆ ರೊಟ್ಟಿ ಅವನಿಗೆ ಹಿಡಿಸಿಬಿಟ್ಟಿತು. ವಾರಕ್ಕೆರಡು ಬುಟ್ಟಿ ಕಳಿಸಿರಿ ಎಂದ.

ಬುಟ್ಟಿ ಒಯ್ಯುವ ಕೆಲಸ ಬಸ್ಸಿನ ಚಾಲಕ ಖಾಜಾಸಾಬನದು. ಹುಬ್ಬಳ್ಳಿಯಲ್ಲಿ ಅವನೇ ಕುಮಟಾದ ಬಸ್ಸಿಗೆ ದಾಟಿಸುತ್ತಿದ್ದ.

ಮೊದಲ ಬುಟ್ಟಿ ಹೋಗುವಾಗ ಮುತ್ತು ಫೋನಿನಲ್ಲಿ ಕೇಳಿದ್ದ. "ಯವ್ವಾ, ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಕಳಸ್ತಿಯೇನ?"

"ಪ್ಲಾಸ್ಟಿಕ್ಕಿನ್ಯಾಗ ರೊಟ್ಟಿ ಬೆವರತಾವೋ ಹುಚ್ಚಪ್ಪ. ಬಿದಿರ ಬುಟ್ಟಿ, ಮ್ಯಾಲ ತೆಳು ಅರಿವಿ. ಹೋದ ಕೂಡ್ಲೆ ಗಾಳಿ ಆಡೂ ಕಡೆ ತೂಗ ಹಾಕು. ಎಷ್ಟು ಗಾಳಿ ಬಡೀತೈತಿ ಅಷ್ಟು ಖಡಕ್ ಇರತಾವ. ತಿಂಗಳ ಇಟ್ರೂ ಏನೂ ಆಗೂದಿಲ್ಲ."

ಗಜೇಂದ್ರಗಡದಲ್ಲಿ ಅದು ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತಿದ್ದ ಮಾತು. ಅವಳ ಅವ್ವ ಹಾಗೇ ಮಾಡುತ್ತಿದ್ದಳು, ಅವಳ ಅತ್ತೆಯೂ ಹಾಗೇ.

ಹತ್ತು ದಿನಕ್ಕೆ ಮುತ್ತು ಒಂದು ಫೋಟೋ ಕಳಿಸಿದ. ಹೋಟೆಲಿನ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಹನುಮವ್ವ! ಹಬ್ಬದ ದಿನ ಒಲೆಯ ಮುಂದೆ ಕುಳಿತಾಗ ಮಗ ತೆಗೆದದ್ದು. ಕೆಳಗೆ ದಪ್ಪ ಅಕ್ಷರ: 'ಗಜೇಂದ್ರಗಡದ ಹನುಮವ್ವನ ರೊಟ್ಟಿ.' ಶೈಲಶ್ರೀ ಓದಿ ಹೇಳಿದಳು. ಹನುಮವ್ವ ಎರಡನೇ ಇಯತ್ತೆಗೇ ಸಾಲಿ ಬಿಟ್ಟವಳು. ತನ್ನ ಹೆಸರಿನ ಮೇಲೆ ಬೆರಳಿಟ್ಟು, "ಇದ ಹೌದಿಲ್ಲೋ?" ಎಂದು ಕೇಳಿ ಖಾತ್ರಿ ಮಾಡಿಕೊಂಡಳು.

ಮರುದಿನ ಬೆಲ್ಲ ತರಲು ಹೋದಾಗ ಕಿರಾಣಿ ಅಂಗಡಿಯ ಯಮನೂರಸಾಬ ನಗಾಡಿದ. "ಏನವ್ವಾ, ನೀ ಇನ್ನೂ ಸಮುದ್ರ ನೋಡಿಲ್ಲ, ನಿನ್ನ ಫೋಟೋ ಹೋಗಿ ನೋಡಾಕತ್ತೈತಂತ!"

ಹನುಮವ್ವ ಅಂದು ಮನೆಗೆ ಬರುವಾಗ ನೇರ ದಾರಿ ಬಿಟ್ಟು ಓಣಿ ಸುತ್ತಿ ಬಂದಳು. ನಲವತ್ತು ವರ್ಷ ಆ ಓಣಿಯ ಮದುವೆಗಳಲ್ಲೆಲ್ಲ ಹಂಚಿನ ಮುಂದೆ ಕುಳಿತವಳು ಅವಳೇ. ಗಂಡ ನೇಯ್ದ ಸೀರೆಗೆ ಗಂಡನ ಹೆಸರಿಲ್ಲ, ಮಾರುವ ಅಂಗಡಿಯ ಹೆಸರು. ಆ ಮನೆಯಿಂದ ಹೊರಗೆ ಹೋದದ್ದರಲ್ಲಿ ಮನೆಯವರ ಹೆಸರು ಹೊತ್ತು ಹೋದದ್ದು ಇದೊಂದೇ.

ಅದಾದ ಮುಂದಿನ ವಾರ, ಶೈಲಶ್ರೀ ಬೆಳಗಿನ ಚಹಾ ಕುಡಿಯುತ್ತ ಫೋನ್ ನೋಡುತ್ತಿದ್ದವಳು ಅದನ್ನು ಮಗುಚಿ ಇಟ್ಟಳು.

"ಏನಾತು?" ಎಂದಳು ಹನುಮವ್ವ.

"ಏನಿಲ್ಲ ಅತ್ತಿ."

"ಏನಿಲ್ಲಂದ್ರ ಮಾರಿ ಯಾಕ ಹಂಗಾತು? ಮುತ್ತು ಏನರ ಅಂದನೇನ?"

"ಅವರಲ್ಲ. ಹೋಟೆಲಿಗೆ ಬಂದು ಉಂಡೋರು ಇದರಾಗ ಬರೀತಾರ, ಊಟ ಹ್ಯಾಂಗಿತ್ತು ಅಂತ. ಬೆಂಗಳೂರ ಕಡೆ ಒಬ್ಬಾಕಿ ಬರದಾಳ."

"ಓದು."

ಶೈಲಶ್ರೀ ತಡವರಿಸಿ ಓದಿದಳು. 'ಒಂದು ಗಂಟೆ ಕಾಯಿಸಿದರು. ಸಮುದ್ರ ಕಾಣುವ ಟೇಬಲ್ ಕೊಡಲಿಲ್ಲ. ಗೋಡೆಯ ಮೇಲೆ ಅಜ್ಜಿಯ ಫೋಟೋ ನೋಡಿ ಆಸೆಪಟ್ಟು ಹನುಮವ್ವನ ರೊಟ್ಟಿ ತರಿಸಿದೆವು. ಒದ್ದೆ ರಟ್ಟಿನ ಹಾಗಿತ್ತು. ಈ ಹನುಮವ್ವ ಮೊದಲು ರೊಟ್ಟಿ ಮಾಡುವುದು ಕಲಿಯಲಿ.' ಒಂದು ಚುಕ್ಕೆ.

"ಮತ್ತೊಮ್ಮಿ ಓದು."

ಮತ್ತೊಮ್ಮೆ ಓದಿದಳು.

"ಚುಕ್ಕಿ ಅಂದ್ರ?"

"ಐದಕ್ಕ ಒಂದು ಮಾರ್ಕು ಕೊಟ್ಟಂಗ."

ಹನುಮವ್ವ ಕಪ್ಪು ಕೆಳಗಿಟ್ಟಳು. ಎದ್ದು ಹೋಗಿ ಬುಟ್ಟಿಯಲ್ಲಿದ್ದ ರೊಟ್ಟಿ ಒಂದೊಂದೇ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಮುರಿದರೆ ಟಪ್ಪನೆ ಮುರಿಯಿತು. ಆದರೂ ಹೇಳಿದಳು.

"ನೀ ಒಲಿಗೆ ಆನಿಸಿದ ರೊಟ್ಟಿ ಲಗೂ ತಗೀತಿ ಶೈಲಾ. ನಾ ನೋಡೀನಿ. ಪೂರಾ ಆರೂತನಕ ತಾಳೂದಿಲ್ಲ ನೀನು. ಬಿಸೀದ ಒಂದರ ಮ್ಯಾಲ ಒಂದು ಒಟ್ಟಿದ್ರ ಒಳಗ ಪಸೀ ಉಳೀತೈತಿ."

"ನಾನು? ಅತ್ತಿ, ಅರ್ಧ ನೀವು ಬಡದೀರಿ, ಅರ್ಧ ನಾನು. ನಂದ ಅಂತ ಹ್ಯಾಂಗ ಗೊತ್ತು?"

"ನಲವತ್ತ ವರ್ಷ ನನ್ನ ರೊಟ್ಟಿಗೆ ಯಾರೂ ಹಿಂಗಂದಿಲ್ಲ."

"ನಾ ಬಂದ ಮ್ಯಾಲ ಅಂದ್ರು ಅಂತೀರಿ."

"ಅಂದದ್ದ ಮತ್ತ."

ಶೈಲಶ್ರೀ ಸೆರಗಿನಿಂದ ಕೈ ಒರೆಸಿಕೊಂಡಳು. "ಹಂಗಾರ ಇವತ್ತಿಂದ ನೀವ ಬಡೀರಿ. ನಾ ಹಿಟ್ಟು ಮುಟ್ಟೂದಿಲ್ಲ."

ಮುಟ್ಟಲಿಲ್ಲ. ಹದಿನೈದು ದಿನ ಹನುಮವ್ವ ಒಬ್ಬಳೇ ಬಡಿದಳು. ಬೆಳಗಿನ ಜಾವಕ್ಕೆ ಕುಳಿತರೆ ಮಧ್ಯಾಹ್ನ ಏಳುವಾಗ ಮೊಣಕಾಲು ಹಿಡಿದುಕೊಂಡೇ ಏಳಬೇಕು. ಸೊಸೆ ರಾಟೆ ಮುಂದೆ ಕುಳಿತು ಮಾವನಿಗೆ ಕಂಡಿಕೆ ಸುತ್ತಿದಳು, ನೀರು ತಂದಳು, ಪಾತ್ರೆ ತೊಳೆದಳು, ಪಲ್ಯ ಮಾಡಿದಳು. ಮಾತು ಮಾತ್ರ 'ಹೂಂ', 'ಉಹೂಂ' ಅಷ್ಟೇ.

"ಕಂಡಿಕಿ ಚಲೋ ಸುತ್ತತಿ," ಎಂದ ಅಂದಾನಪ್ಪ ಒಂದು ದಿನ, ಹೆಂಡತಿಗೂ ಕೇಳಲಿ ಎಂದು ಗಟ್ಟಿಯಾಗಿ.

"ನಾ ಇಲ್ಲಿ ಇದ್ರೂ ಅಷ್ಟ, ಬಿಟ್ರೂ ಅಷ್ಟ ರೀ ಮಾವಾರ," ಎಂದಳು ಶೈಲಶ್ರೀ. "ಮುಶಿಗೇರಿಗೆ ಹೋಗಿ ನಮ್ಮವ್ವನ ಮನ್ಯಾಗ ಒಂದ ತಿಂಗಳ ಇದ್ದು ಬರಬೇಕಂತ ಮಾಡೀನಿ."

ಮುತ್ತುವಿನ ಫೋನ್ ಬಂದಾಗ ಹನುಮವ್ವ ಹೇಳಿದಳು. "ನಿನ್ನ ಹೆಂಡತಿ ಕೈ ಸುಮಾರೈತೋ. ಈಗ ನಾ ಒಬ್ಬಾಕಿನ ಬಡದು ಕಳಸಾಕತ್ತೀನಿ. ಇನ್ನ ಯಾರೂ ಹೆಸರಿಡೂದಿಲ್ಲ."

"ಹೂಂ," ಎಂದ ಮುತ್ತು.

ಆದರೆ ಹೆಸರಿಡುವುದು ನಿಲ್ಲಲಿಲ್ಲ. ಈ ಬಾರಿ ಮೈಸೂರಿನ ಕಡೆಯವರು. 'ಬೂಸಲು ವಾಸನೆ. ಹನುಮವ್ವನ ಹೆಸರಿನಲ್ಲಿ ಏನು ಬೇಕಾದರೂ ಮಾರುತ್ತಾರೆ.' ಶೈಲಶ್ರೀ ಯಾರೂ ಕೇಳದೆಯೇ ಓದಿದಳು. ಓದಿ ಫೋನನ್ನು ಗೂಡಿನಲ್ಲಿಟ್ಟು ಕಸಬರಿಗೆ ತೆಗೆದುಕೊಂಡಳು. 'ಇವು ನಿಮ್ಮವು' ಎಂದು ಬಾಯಿಬಿಟ್ಟು ಅನ್ನಲಿಲ್ಲ.

ಹನುಮವ್ವನಿಗೆ ಆ ದಿನ ಊಟ ಸೇರಲಿಲ್ಲ.

"ಇಲ್ಲಿ ಕುಂತು ಒಬ್ಬರ ಮಾರಿ ಒಬ್ಬರು ನೋಡಿದ್ರ ಏನಾಗತೈತಿ?" ಎಂದ ಅಂದಾನಪ್ಪ. "ಬುಟ್ಟಿ ಜೋಡಿ ನೀವೂ ಹೋಗ್ರಿ. ಇಬ್ಬರೂ ಹೋಗ್ರಿ. ಉಂಡು ನೋಡ್ರಿ. ನಾ ಎರಡ ದಿನ ಖಾನಾವಳ್ಯಾಗ ಬಿಸಿ ಊಟ ಉಣ್ಣತೀನಿ."

"ಅದಕ್ಕ ಕಳಸಾಕತ್ತೀರೇನು ನಮ್ಮನ್ನ?"

"ಅದಕ್ಕೂ ಅನ್ನು."

ಖಾಜಾಸಾಬ ಮುಂದಿನ ಸೀಟು ಕೊಟ್ಟ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಘಟ್ಟ ಇಳಿದು, ಕುಮಟಾದಲ್ಲಿ ಒಂದು ಧರ್ಮಶಾಲೆಯಲ್ಲಿ ಉಳಿದು, ಮರುದಿನ ಮಧ್ಯಾಹ್ನದ ಹೊತ್ತಿಗೆ ಅತ್ತೆ ಸೊಸೆ 'ನೀಲಿ ನಾವೆ'ಯ ಮುಂದೆ ಆಟೋ ಇಳಿದರು. ದಾರಿಯುದ್ದಕ್ಕೂ ಆಡಿದ ಮಾತು ಹತ್ತು ಇರಲಿಕ್ಕಿಲ್ಲ. ಬರುತ್ತೇವೆಂದು ಮುತ್ತುವಿಗೆ ತಿಳಿಸಿರಲಿಲ್ಲ. ಅವನು ಸಾಮಾನು ತರಲು ಪೇಟೆಗೆ ಹೋಗಿದ್ದ.

ಕುದುರೆಬಾಲದ ಹಾಗೆ ಕೂದಲು ಕಟ್ಟಿದ್ದ ವೇಟರ್ ಒಬ್ಬ ಇಬ್ಬರ ಇಳಕಲ್ಲ ಸೀರೆ ನೋಡಿದ, ತಲೆಯ ಮೇಲಿನ ಬುಟ್ಟಿ ನೋಡಿದ. ಬುಟ್ಟಿಯನ್ನು ಬಾಗಿಲಲ್ಲೇ ಇಡಿಸಿದ. ಸಮುದ್ರದ ಕಡೆ ಎಂಟು ಟೇಬಲ್ ಖಾಲಿ ಇದ್ದವು.

"ಅವು ರಿಸರ್ವ್ ಅಮ್ಮಾ. ಈ ಕಡೆ ಬನ್ನಿ."

ಕೈತೊಳೆಯುವ ಜಾಗದ ಪಕ್ಕಕ್ಕೆ ಕೂಡಿಸಿದ. ಅಲ್ಲಿ ಕುಳಿತರೆ ನೆಲ ಒರೆಸುವ ಬಕೆಟ್ಟು ಕಾಣುತ್ತಿತ್ತು, ಅದರ ಮೇಲೆ ಗೋಡೆಯಲ್ಲಿ ಹನುಮವ್ವನ ಫೋಟೋ ಕಾಣುತ್ತಿತ್ತು. ಫೋಟೋದಲ್ಲಿದ್ದವಳು ಕೆಳಗೆ ಕುಳಿತಿದ್ದಾಳೆಂದು ಆ ಹುಡುಗನಿಗೆ ಹೊಳೆಯಲೇ ಇಲ್ಲ. ಹಾಡು ಎದೆ ಗುದ್ದುವ ಹಾಗೆ ಬಡಿಯುತ್ತಿತ್ತು. ಮೀನು ಹುರಿದ ವಾಸನೆಗೆ ಹನುಮವ್ವ ಸೆರಗನ್ನು ಮೂಗಿಗೆ ಹಿಡಿದಳು. ನೀರು ಕೇಳಿದರೆ ಬಾಟಲಿ ಬೇಕಾ ಎಂದರು. ಬ್ಯಾಡ ಎಂದ ಮೇಲೆ ನೀರೇ ಬರಲಿಲ್ಲ. ಹೇಳಿದ ಊಟಕ್ಕೆ ಒಂದು ತಾಸು ಹತ್ತಿತು.

ತಾಟು ಬಂತು. ರೊಟ್ಟಿಯನ್ನು ಕರವಸ್ತ್ರದ ಹಾಗೆ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು.

ಹನುಮವ್ವ ಅದನ್ನೇ ನೋಡಿದಳು. ಕಟಿ ರೊಟ್ಟಿಯನ್ನು ಮುರಿಯಬಹುದು, ಮಡಚಲು ಬರುವುದಿಲ್ಲ. ಬಿಚ್ಚಿ ಎಳೆದಳು. ಹರಿಯಿತು. ಬದನೆಕಾಯಿ ಎಣಗಾಯಿಗೆ ಸಕ್ಕರೆ ಹಾಕಿದ್ದರು. ಶೇಂಗಾ ಚಟ್ನಿ ಮುದ್ದೆಗಟ್ಟಿತ್ತು.

ಪಕ್ಕದ ಟೇಬಲಿನಲ್ಲಿ ಗಂಡ ಹೆಂಡತಿ, ಒಂದು ಸಣ್ಣ ಹುಡುಗಿ. ಗಂಡ ರೊಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಜೋತಾಡಿಸಿದ. "ಇದೇನಾ ನೀನು ಹೇಳಿದ್ದು? ನಮ್ಮನೆ ಬಾಗಿಲ ಕಾಲೊರಸು ಇದಕ್ಕಿಂತ ಗರಿಗರಿಯಾಗಿದೆ."

"ಆ ಅಜ್ಜಿ ಮುಖ ನೋಡಿ ಮೋಸ ಹೋದೆ ಕಣ್ರೀ," ಎಂದಳು ಹೆಂಡತಿ. ಫೋಟೋ ಕಡೆ ಕೈ ಮಾಡಿದಳು.

ಹನುಮವ್ವ ಸೆರಗನ್ನು ಹಣೆಯತನಕ ಎಳೆದುಕೊಂಡಳು. ತಲೆ ತಗ್ಗಿಸಿ ಆ ರೊಟ್ಟಿಯನ್ನು ಚೂರೂ ಬಿಡದೆ ಪೂರಾ ತಿಂದಳು. ಶೈಲಶ್ರೀ ತನ್ನ ತಾಟು ಮುಟ್ಟದೆ ಅತ್ತೆಯನ್ನೇ ನೋಡುತ್ತಿದ್ದಳು. ಹದಿನೈದು ದಿನದಿಂದ ಕಾಪಿಟ್ಟುಕೊಂಡಿದ್ದ ಮಾತು ಅವಳ ಬಾಯಲ್ಲಿತ್ತು. ಅದನ್ನು ಬಿಟ್ಟು, ಗಾಳಿ ಬಡಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡಳು.

"ಅತ್ತಿ, ಇಲ್ಲಿ ಗಾಳೀನ ಉಪ್ಪ ಐತಿ."

ಹನುಮವ್ವ ಎದ್ದಳು. ಸಮುದ್ರದ ಕಡೆಯ ಜಗುಲಿಯ ತೊಲೆಗೆ ಹೋದ ವಾರದ ಬುಟ್ಟಿ ತೂಗುತ್ತಿತ್ತು. ಅವಳು ಹೇಳಿದ ಹಾಗೇ ಗಾಳಿಗೆ. ಮೇಲಿನ ಅರಿವೆಯನ್ನು ಮುಟ್ಟಿ ನೋಡಿದಳು. ಒಗೆದು ಹಿಂಡಿದ ಹಾಗೆ ಒದ್ದೆಯಾಗಿ ತಣ್ಣಗಿತ್ತು.

ಅಷ್ಟರಲ್ಲಿ ಮುತ್ತು ಬಂದ. ಕೈಯಲ್ಲಿದ್ದ ಚೀಲಗಳನ್ನು ಅಲ್ಲೇ ಇಟ್ಟ.

"ಯವ್ವಾ! ಹೇಳೂದಿಲ್ಲ ಕೇಳೂದಿಲ್ಲ, ಹಿಂಗ ಬರೂದೇನು?"

"ಇದು ಮೆತ್ತಗಾದದ್ದು ಯಾವಾಗ ಕಂಡಿ ನೀ?"

ಮುತ್ತು ಹೆಂಡತಿಯ ಕಡೆ ನೋಡಿದ, ಸಮುದ್ರದ ಕಡೆ ನೋಡಿದ. "ಮೊದಲನೇ ವಾರದಾಗ. ಎರಡ ದಿನಕ್ಕ ಮೆತ್ತಗಾಗತಾವ. ಮಶಿನ್ಯಾಗ ಬಿಸಿ ಮಾಡಿ ಕೊಡತೀವಿ."

"ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಕಳಸೂದು ಬಿಡತಿದ್ದಿ. ಮಾಲಕ ಬೋರ್ಡ್ ಮಾಡಿಸ್ಯಾನ, ಮೆನು ಕಾರ್ಡಿನ ಮ್ಯಾಲ ಹಾಕಿಸ್ಯಾನ. ಸೀಜನ್ ಮುಗಿದ್ರ ನನ್ನನ್ನ ಮ್ಯಾನೇಜರ್ ಮಾಡತಾನಂತ, ಇರಾಕ ಮನಿ ಕೊಡತಾನಂತ. ಶೈಲಾನ ಕರಕೊಂಡ ಬರಬೇಕಂತ ಮಾಡೀನಿ ನಾ. ಇದೆಲ್ಲ ಯಾರ ಸಲುವಾಗಿ?"

"ಅದಿರಲಿ," ಎಂದಳು ಶೈಲಶ್ರೀ. ಹದಿನೈದು ದಿನದಲ್ಲಿ ಅವಳು ದನಿ ಎತ್ತಿದ್ದು ಈಗಲೇ. "ನಿನ್ನ ಹೆಂಡತಿ ಕೈ ಸುಮಾರೈತಿ ಅಂತ ನಿಮ್ಮವ್ವ ಫೋನಿನ್ಯಾಗ ಅಂದ್ರು. ನಾ ಅಲ್ಲೇ ಪರದೆ ಹಿಂದ ಇದ್ದೆ. ನೀವು ಏನಂದ್ರಿ?"

ಮುತ್ತು ಕೆಳಗಿಟ್ಟ ಚೀಲಗಳನ್ನು ಮತ್ತೆ ಎತ್ತಿಕೊಳ್ಳಲು ಬಗ್ಗಿದ.

"ಏನಂದ್ರಿ ಹೇಳ್ರಿ."

"ಹೂಂ ಅಂದೆ."

"ಹೂಂ ಅಂದ್ರಿ. ಗೊತ್ತಿದ್ದೂ."

"ತಪ್ಪಾತು ಬಿಡು. ಈಗ ಒಂದ ದಾರಿ ಐತಿ. ನೀ ಇಲ್ಲೇ ಇದ್ದುಬಿಡು," ಎಂದು ಅವ್ವನ ಕಡೆ ತಿರುಗಿದ. "ಬಿಸಿ ರೊಟ್ಟಿ ಇಲ್ಲೇ ಬಡೀಲಿ ಇಕಿ, ಯವ್ವಾ. ಹೆಸರು ನಿಂದ ಇರಲಿ. ಯಾರಿಗೂ ತಕರಾರಿಲ್ಲ."

"ನಾ ಬುಟ್ಟಿ ಅಲ್ಲ, ಬೇಕಾದಲ್ಲಿ ತೂಗ ಹಾಕಾಕ," ಎಂದಳು ಶೈಲಶ್ರೀ. "ಮೊದಲ ಮನಿ ತೋರಸ್ರಿ. ಆಮ್ಯಾಲ ನೋಡೂಣು."

ಹನುಮವ್ವ ಇಬ್ಬರ ಮಾತೂ ಕೇಳಿಸಿಕೊಂಡಳು. ಒಳಗೆ ಹೋಗಿ ಕುರ್ಚಿ ಎಳೆದು, ಹತ್ತಲು ಆಗದೆ ಸೊಸೆಯ ಕಡೆ ನೋಡಿದಳು. ಶೈಲಶ್ರೀ ಹತ್ತಿ ಮೊಳೆಯಿಂದ ಫೋಟೋ ಇಳಿಸಿದಳು. ಗಲ್ಲಾಪೆಟ್ಟಿಗೆಯ ಮುಂದಿದ್ದ ಮಾಲಕ ಎದ್ದು ಬಂದ. ಫೋಟೋ ನೋಡಿ, ಮುದುಕಿಯನ್ನು ನೋಡಿ, "ಓಹ್, ಅಮ್ಮಾ ನೀವೇ! ಒಂದು ಸೆಲ್ಫಿ?" ಎಂದ.

"ಅದೆಲ್ಲ ಏನೂ ಬ್ಯಾಡ್ರಿ. ಇನ್ನ ನಾ ರೊಟ್ಟಿ ಕಳಸೂದಿಲ್ಲ. ನನ್ನ ಮಾರಿ ನಾ ಒಯ್ತೀನಿ. ನಾವು ಉಂಡದ್ದೆಷ್ಟಾತು ಹೇಳ್ರಿ."

"ನಿಮ್ಮ ಹತ್ತಿರ ದುಡ್ಡು ತಗೋತೀವಾ ಅಮ್ಮಾ?"

"ತಗೋರಿ. ಉಂಡೀವಿ."

ಮುತ್ತು ಬಸ್ಸಿನತನಕ ಬಂದ. ಬಸ್ಸು ಹೊರಡುವಾಗ ಕಿಟಕಿಗೆ ಕೈಯಿಟ್ಟು, "ನನ್ನ ಮಾನ ಕಳದಿ ಯವ್ವಾ," ಎಂದ. ಹನುಮವ್ವ, "ನೀರು ಕುಡದಿಯೇನ? ಬಿಸಲ ಭಾಳ ಐತಿ," ಎಂದಳು.

ಊರಿಗೆ ಬಂದು ನಾಲ್ಕು ದಿನವಾಯಿತು. ಮನೆಯಲ್ಲಿ ಬಿಸಿ ರೊಟ್ಟಿ, ಜುಣಕ, ಹಸಿ ಈರುಳ್ಳಿ. ಅಂದಾನಪ್ಪ ಎರಡರ ಮೇಲೆ ಅರ್ಧ ಉಂಡು, "ಖಾನಾವಳೀದು ಇಷ್ಟ ಚಲೋ ಇರಲಿಲ್ಲ," ಎಂದ. ಯಾರೂ ನಗಲಿಲ್ಲ. ಸೊಸೆ ಮುಶಿಗೇರಿಗೆ ಹೋಗಲೆಂದು ಎರಡು ಸೀರೆ ಮಡಚಿ ಚೀಲದಲ್ಲಿ ಇಟ್ಟಿದ್ದಳು. ಹನುಮವ್ವ ಅದನ್ನು ನೋಡಿದ್ದಳು.

"ಶೈಲಾ, ಆ ಬೆಂಗಳೂರಾಕಿ ಬರದದ್ದು ಇನ್ನೂ ಐತೇನ ಅದರಾಗ?"

"ಐತಿ ಅತ್ತಿ. ಗೋಡೀದು ತಗದ್ರ ಇದೇನು ಹೋಗೂದಿಲ್ಲ. ವರ್ಷಾನುಗಟ್ಟಲೆ ಇರತೈತಿ."

"ಅಳಸಾಕ ಬರೂದಿಲ್ಲ?"

"ಉಹೂಂ. ಬೇಕಾದ್ರ ನಾವೂ ಬರೀಬಹುದು. ಅಲ್ಲಿ ಉಂಡೋರು ಯಾರಾದ್ರೂ ಬರೀಬಹುದು."

"ನಾವೂ ಉಂಡೀವಲ್ಲ. ಬರಿ ಹಂಗಾರ. ನಾ ಹೇಳತೀನಿ."

ಶೈಲಶ್ರೀ ಫೋನ್ ತೆಗೆದು ಗೋಡೆಗೆ ಒರಗಿ ಕುಳಿತಳು. "ಮೊದಲ ಚುಕ್ಕಿ ಕೇಳತೈತಿ. ಎಷ್ಟು ಕೊಡಲಿ?"

"ಆಕಿ ಎಷ್ಟು ಕೊಟ್ಟಾಳ?"

"ಒಂದು."

ಅದು ಮಗ ಕೆಲಸ ಮಾಡುವ ಜಾಗವೆಂದು ಹನುಮವ್ವನಿಗೆ ನೆನಪಿತ್ತು. "ಒಂದ ಕೊಡು. ಆಕಿ ಖರೇ ಹೇಳ್ಯಾಳ."

ಮಗ್ಗದ ಸದ್ದು ನಿಂತಿತು. ಅಂದಾನಪ್ಪ ಗುಂಡಿಯಲ್ಲೇ ಕುಳಿತು ಕಿವಿಗೊಟ್ಟ.

"ಬರಿ. ನಾನು ಗಜೇಂದ್ರಗಡದ ಹನುಮವ್ವ. ನೀವು ಅಂದದ್ದು ಖರೇ ಐತಿ. ನಾನೂ ಅಲ್ಲಿ ಹೋಗಿ ಉಂಡು ಬಂದೀನಿ. ಗಾಳಿಗೆ ಇಡು ಅಂತ ಹೇಳಿದಾಕಿ ನಾನ. ನಮ್ಮೂರ ಗಾಳಿ ಬ್ಯಾರೆ, ಸಮುದ್ರದ ಗಾಳಿ ಬ್ಯಾರೆ ಅಂತ ನನಗ ತಿಳಿಯಲಿಲ್ಲ. ತಪ್ಪು ನಂದು. ನನ್ನ ಸೊಸಿ ಶೈಲಶ್ರೀದಲ್ಲ. ಆಕಿ ಕೈ ಚಲೋ ಐತಿ. ನೀವು ಈ ಕಡೆ ಬಂದ್ರ ಬಸ್ ನಿಲ್ದಾಣದಾಗ ಇಳಿದು ಅಂದಾನಪ್ಪನ ಮಗ್ಗದ ಮನಿ ಕೇಳ್ರಿ. ಬಿಸಿ ರೊಟ್ಟಿ ಹಾಕತೀನಿ. ಸಣ್ಣ ಮಕ್ಕಳಿದ್ರ ಅವರನ್ನೂ ಕರಕೊಂಡ ಬರ್ರಿ. ಇಷ್ಟ. ಈಗ ಓದಿ ಹೇಳು."

ಶೈಲಶ್ರೀ ಬಗ್ಗಿ ಓದಿದಳು. ಗಾಳಿಯ ಮಾತು ಬಂತು, ತಪ್ಪು ನಂದು ಎಂಬುದು ಬಂತು, ಅಂದಾನಪ್ಪನ ಮಗ್ಗದ ಮನೆಯೂ ಬಂತು.

"ಸೊಸಿ ಮಾತು ಬರಲಿಲ್ಲ," ಎಂದಳು ಹನುಮವ್ವ.

"ಬಿಡ್ರಿ ಅತ್ತಿ. ಬೆಂಗಳೂರಾಕಿಗೆ ಯಾಕ ಬೇಕು ಅದು?"

"ಆಕಿಗೆ ಬ್ಯಾಡಾಗಿರಬಹುದು. ಬರಿ."

"ಊರ ಮಂದಿ ಓದತಾರ. ಅತ್ತಿ ಸೊಸಿ ಜಗಳ ಆಡ್ಯಾರ ಅಂತಾರ."

"ಆಡೀವಿ. ನಾ ಸಾಲಿ ಕಲ್ತಾಕಿ ಅಲ್ಲ, ಆದ್ರ ಎಷ್ಟು ಹೇಳೀನಿ ಎಷ್ಟು ಓದಿದಿ ಅಂತ ನನಗ ತಿಳೀತೈತಿ. ಬರಿ ಅಂದ್ನಲ್ಲ."

ಶೈಲಶ್ರೀ ಬರೆದಳು. ಈ ಸಲ ಓದುವಾಗ ತನ್ನ ಹೆಸರು ಬಂದ ಕಡೆ ದನಿ ಸಣ್ಣದಾಯಿತು. "ಗಟ್ಟಿ ಓದ, ಇಲ್ಲಿಗೆ ಕೇಳವಲ್ದು," ಎಂದು ಮಗ್ಗದ ಗುಂಡಿಯಿಂದ ಮಾವ ಕೂಗಿದ. ಅವಳು ಗಟ್ಟಿಯಾಗಿ ಓದಿ, ಬೆರಳಿನಿಂದ ಒತ್ತಿದಳು.

"ಹೋತೇನ?"

"ಹೋತು."

"ಇನ್ನ ಮುತ್ತೂನ ಫೋನ್ ಬರತೈತಿ, ಒದರಾಡತಾನ."

"ಬರಲಿ," ಎಂದಳು ಶೈಲಶ್ರೀ, ಫೋನನ್ನು ಗೂಡಿನಲ್ಲಿಡದೆ ತೊಡೆಯ ಮೇಲೆ ಇಟ್ಟುಕೊಂಡು. "ನಾ ಎತ್ತತೀನಿ."